ಒಂಬತ್ತು ಕೌದಿಗಳಲ್ಲಿ ಒಂದು

ಶೇಡಬಾಳ
ಸಂಜೆ ಆರೂವರೆ

ಸೀಮಾ ಅಕ್ಕನವರಿಗೆ ನಮಸ್ಕಾರ.

ಚಿಕ್ಕೋಡಿಯ ಕಲಾ ಪ್ರದರ್ಶನಕ್ಕೆ ಹೊಲಿದ ಒಂಬತ್ತು ಕೌದಿಗಳನ್ನು ಮಧ್ಯಾಹ್ನ ನಿಮ್ಮ ಗಾಡಿಗೆ ಹಾಕಿ ಮನೆಗೆ ಬಂದೆ. ಟ್ರಂಕು ತೆರೆದರೆ ಭಾಗ್ಯಾಳ ಹಸಿರು ಲಂಗ ಇರಲಿಲ್ಲ. ಮಗಳು ತೀರಿದ ಮೇಲೆ ನಾನು ಇಟ್ಟುಕೊಂಡದ್ದು ಅದೊಂದೇ.

ಅತ್ತೆಯನ್ನು ಕೇಳಿದೆ. "ಹೋದಾವರ ಅರಿವಿ ಮನ್ಯಾಗ ಇಡಬಾರದವ್ವಾ. ಕೌದಿ ಒಳಪದರದಾಗ ಹಾಕಿ ಹೊಲದೇನಿ. ಯಾರರೆ ಹೊಚ್ಚಗೊಂಡು ಬೆಚ್ಚಗ ಮಲಗಲಿ," ಎಂದರು. ಯಾವ ಕೌದಿಯಲ್ಲಿ ಎಂದು ಕೇಳಿದರೆ, "ಒಂದರಾಗ ಐತಿ. ಯಾವದಂತ ನೆನಪಿಲ್ಲ," ಎಂದರು.

ನಿಮ್ಮ ಫೋನು ಹತ್ತುತ್ತಿಲ್ಲ. ಅತ್ತೆಯನ್ನು ರಾತ್ರಿ ಒಬ್ಬರನ್ನೇ ಬಿಡುವಂತಿಲ್ಲ, ಅದಕ್ಕೆ ಈ ಪತ್ರವನ್ನು ಕೊನೆಯ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸುತ್ತಿದ್ದೇನೆ. ಕೌದಿಗಳನ್ನು ಮಳಿಗೆಯಲ್ಲಿ ತೂಗುಹಾಕಿರಿ, ಆದರೆ ನಾನು ಬರುವವರೆಗೆ ಒಂದನ್ನೂ ಮಾರಬೇಡಿರಿ. ಹೊಲಿಗೆ ಬಿಚ್ಚುವುದು ಬೇಕಿಲ್ಲ. ಲಂಗದ ಜರಿ ಅಂಚು ಬಿರುಸಾಗಿದೆ, ಒತ್ತಿ ನೋಡಿದರೆ ನನ್ನ ಕೈಗೆ ತಿಳಿಯುತ್ತದೆ. ಉಳಿದ ಎಂಟನ್ನು ಯಾರಿಗಾದರೂ ಕೊಡಿರಿ.

ಮಳಿಗೆ ಒಂಬತ್ತು ಗಂಟೆಗೆ ತೆರೆಯುತ್ತದೆ ಎಂದಿದ್ದೀರಿ. ನಾಳೆ ನಮ್ಮ ಮೊದಲ ಬಸ್ಸು ಚಿಕ್ಕೋಡಿಗೆ ಮುಟ್ಟುವುದು ಹತ್ತಕ್ಕೆ.

ನಿಮ್ಮ
ಸುಜಾತಾ