ಹಣ್ಣು ನೋಡಲು ಬಂದವರು

ನನ್ನ ಮುದ್ದು ಖುಷಿ,

ನೀನು ಶಾಲೆಯಿಂದ ಬರುವುದರೊಳಗೆ ಇದನ್ನು ಬರೆದು ಮುಗಿಸಬೇಕು. ಎದುರಿಗೆ ಕೂತು ಹೇಳಲು ಹೋದರೆ ನನಗೆ ಅಳು ಬರುತ್ತದೆ, ನಿನಗೆ ನಗು ಬರುತ್ತದೆ, ಮಾತು ಅಲ್ಲಿಗೇ ನಿಲ್ಲುತ್ತದೆ. ನಿಧಾನವಾಗಿ ಓದು. ಅಕ್ಷರ ತಿಳಿಯದಿದ್ದರೆ ಕೇಳು.

ಎರಡು ವರ್ಷದ ಹಿಂದೆ ದಾವಣಗೆರೆಯ ಮದುವೆಮನೆಯಲ್ಲಿ ನೀನು "ಅಜ್ಜ ಬಂದಳು" ಎಂದೆ. ಎಲ್ಲರೂ ನಕ್ಕರು. ನಾನೂ ನಕ್ಕೆ. ಕಡಲಾಚೆಯ ಈ ಗುದೈಬಿಯಾದ ಮನೆಗೆ ಮರಳಿದ ಮೇಲೆ ನೀನು ಕನ್ನಡವನ್ನೇ ಬಿಟ್ಟೆ. ನಾನು ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ.

ಆ ಹಳೆಯ ಹಾಲಿವುಡ್ ಸಿನಿಮಾ ನೋಡಿದ ಶುಕ್ರವಾರ ನೆನಪಿದೆಯಾ? ಕಪ್ಪು-ಬಿಳುಪಿನದು, ಮೊದಲು ನಾಟಕವಾಗಿದ್ದು ಆಮೇಲೆ ತೆರೆಗೆ ಬಂದದ್ದು. ಕಥೆಯೆಲ್ಲ ಒಂದೇ ಮನೆಯ ಹಜಾರದಲ್ಲಿ. ಒಬ್ಬರು ಈ ಬಾಗಿಲಿಂದ ಬಂದರೆ ಇನ್ನೊಬ್ಬರು ಆ ಬಾಗಿಲಿಂದ ಓಡುತ್ತಾರೆ. ನೀನು ನಕ್ಕು ನಕ್ಕು ಸೋಫಾದಿಂದ ಜಾರಿದೆ. ಅದನ್ನು ಮತ್ತೆ ನಾಟಕವಾಗಿಸಿ, ಹೆಣ್ಣು ನೋಡುವ ಕಥೆಯಾಗಿ ಬರೆದು, ಇಲ್ಲಿನ ನಮ್ಮ ಕನ್ನಡ ಸಂಘದವರಿಂದ ಆಡಿಸಬೇಕೆಂದು ನನಗೆ ಹೊಳೆದದ್ದು ಆಗಲೇ. ಮನೆಕೆಲಸದವಳ ಪಾತ್ರವನ್ನು ನೀನೇ ಕೇಳಿದೆ. "ಓನ್ಲಿ ಫೋರ್ ಲೈನ್ಸ್, ಅಮ್ಮಾ! ಐ ಕ್ಯಾನ್ ಡೂ ಇಟ್."

ಮೊನ್ನೆ ಸಂಜೆ ಸಭಾಂಗಣ ತುಂಬಿತ್ತು. ಅಸ್ಕರ್‌ನ ಅಲ್ಯೂಮಿನಿಯಂ ಕಾರ್ಖಾನೆಯಲ್ಲಿರುವ ವಿಲ್ಫ್ರೆಡ್ ಅಂಕಲ್ ಗಂಡಿನ ತಂದೆಯಾಗಿ ರಂಗದ ಮೇಲೆ ಬಂದರು. ನೀನು ಒಳಮನೆಯ ಕಡೆ ತಿರುಗಿ ಕೂಗಿದೆ: "ಅಮ್ಮಾವ್ರೇ, ಹಣ್ಣು ನೋಡೋಕೆ ಬಂದಿದ್ದಾರೆ!"

ಹೆಣ್ಣು ಹಣ್ಣಾಗಿತ್ತು. ಸಭೆ ಗೊಳ್ಳೆಂದು ನಕ್ಕಿತು. ಪರದೆಯ ಮರೆಯಲ್ಲಿದ್ದ ನನಗೆ ನಿನ್ನ ಮುಖ ಕೆಂಪಾದದ್ದು ಕಂಡಿತು. ಮದುವೆಮನೆಯಲ್ಲಿ ಕಂಡಿದ್ದ ಅದೇ ಮುಖ. ಪರದೆ ಇಳಿಸಿಬಿಡಲೇ ಎನಿಸಿತು.

ವಿಲ್ಫ್ರೆಡ್ ಅಂಕಲ್ ಮಾತ್ರ ಆರಾಮಾಗಿ ಕುರ್ಚಿಗೆ ಒರಗಿ, "ಹೌದು ಮಗಾ, ನಮಗೆ ಬಾಳೆಹಣ್ಣೇ ಆಗ್ಬೇಕು. ಉಂಟಾ?" ಎಂದರು.

ನೀನು ಅವರ ಕಡೆ ತಿರುಗಿದೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದೆ. "ಬಾಳೆಹಣ್ಣು ಆಫೀಸಿಗೆ ಹೋಗಿದೆ ಸಾರ್. ಆರು ಗಂಟೆಗೆ ಬರುತ್ತೆ. ಅಲ್ಲೀವರೆಗೆ ಕಾಫಿ ಕುಡೀರಿ!"

ಅದು ನಾನು ಬರೆದ ಮಾತಲ್ಲ, ಯಾರೂ ಹೇಳಿಕೊಟ್ಟದ್ದೂ ಅಲ್ಲ. ನಿನ್ನದೇ ಕನ್ನಡ, ಖುಷಿ! ಚಪ್ಪಾಳೆ ನಿಲ್ಲಲೇ ಇಲ್ಲ. ಆಮೇಲೆ ನಾಟಕ ಮುಗಿಯುವವರೆಗೂ ಮದುಮಗಳನ್ನು ಎಲ್ಲರೂ ಹಣ್ಣೆಂದೇ ಕರೆದರು. ನಿನ್ನ ನಾಲ್ಕು ಸಾಲು ಹನ್ನೊಂದಾಯಿತು.

ಅಂದು ದಾವಣಗೆರೆಯಲ್ಲಿ ಹೀಗೆ ನಿನ್ನ ಮಾತಿಗೆ ಜೊತೆಯಾಗಬೇಕಿದ್ದವಳು ನಾನು. ಆಗಲಿಲ್ಲ. ನಕ್ಕವರ ಜೊತೆ ನಿಂತೆ. ನನ್ನನ್ನು ಕ್ಷಮಿಸು, ಮಗಳೇ.

ಇವತ್ತು ಬೆಳಿಗ್ಗೆ ಒಂದೇ ಕಾಲಿಗೆ ಷೂ ಹಾಕಿಕೊಂಡು ನೀನಾಗಿಯೇ ಅಜ್ಜಿಗೆ ಫೋನ್ ಮಾಡಿದೆ. ಕೆಳಗೆ ಶಾಲೆಯ ಬಸ್ಸು ಹಾರ್ನ್ ಹೊಡೆಯುತ್ತಿದ್ದರೂ ಬಿಡದೆ, ನಾಟಕವನ್ನೆಲ್ಲ ಕನ್ನಡದಲ್ಲೇ ಹೇಳಿದೆ. ಎಷ್ಟು ತಪ್ಪಾಯಿತೋ ನಾನು ನೋಡಲಿಲ್ಲ. ಅಡುಗೆಮನೆಯಲ್ಲಿ ಕಿವಿಗೊಟ್ಟು ನಿಂತೇ ಇದ್ದೆ. ಹಾಲು ಉಕ್ಕಿ ಒಲೆಯ ತುಂಬ ಹರಿಯಿತು.

ಹೀಗೇ ಬಾಯ್ತುಂಬ ಮಾತಾಡುತ್ತಾ ನೂರು ವರ್ಷ ಬಾಳು, ಕಂದಾ.

ನಿನ್ನ ಅಮ್ಮ,
ಆಶಾಲತಾ