ಮೂರು ಮನೆಯ ಮಕ್ಕಳು ಲೆಕ್ಕಕ್ಕೆ ಸಾಲುವುದಿಲ್ಲವೇ?

ಜಿಲ್ಲೆಯ ಆರೋಗ್ಯ ನೋಡಿಕೊಳ್ಳುವ ಮಾನ್ಯ ಅಧಿಕಾರಿಗಳೇ,

ನನ್ನ ಅಕ್ಷರ ಚೆನ್ನಾಗಿಲ್ಲ, ಕಾಗುಣಿತವೂ ಅಷ್ಟಕ್ಕಷ್ಟೆ, ಕ್ಷಮಿಸಬೇಕು. ಕುರುಗೋಡಿನ ಶಾಲೆಯಲ್ಲಿ ನಾಲ್ಕನೆಯ ತರಗತಿಗೇ ನನ್ನ ಓದು ಮುಗಿಯಿತು. ಪತ್ರಿಕೆಯವರು ತಿದ್ದಿ ಅಚ್ಚು ಹಾಕಿದರೆ ಅವರ ದೊಡ್ಡತನ, ತಪ್ಪು ಉಳಿದರೆ ನನ್ನದು. ಆದರೆ ನನ್ನ ತಮ್ಮ ಜಂಬಣ್ಣನ ಮೆದುಳನ್ನು ತಿನ್ನುತ್ತಿರುವ ರೋಗ ಈ ಜಿಲ್ಲೆಯಲ್ಲಿ ಇಲ್ಲವೇ ಇಲ್ಲ ಎಂದು ತಾವು ಹೇಳಿದಿರಲ್ಲ, ಆ ತಪ್ಪು ಯಾರದು?

ಜಂಬಣ್ಣನಿಗೆ ಈಗ ಹತ್ತು ವರ್ಷ. ಎಂಟರವರೆಗೆ ಚೆನ್ನಾಗಿದ್ದ. ಆಮೇಲೆ ಕೈಯಿಂದ ಬಳಪ ಬೀಳತೊಡಗಿತು, ಮಗ್ಗಿ ಮರೆತುಹೋಯಿತು. ಮೇಷ್ಟ್ರು, "ಮೊನ್ನಿ ತನಕ ಬರ್ತಿತ್ತಲ್ಲಲೇ, ಯಾವ ಸಂತ್ಯಾಗ ಮಾರ್ಕೊಂಡು ಬಂದಿ?" ಎಂದು ತರಗತಿಯನ್ನೆಲ್ಲ ನಗಿಸಿದರು. ಮನೆಯಲ್ಲಿ ಮಜ್ಜಿಗೆಯ ಚೆಂಬು ಬಿದ್ದಾಗ ನಮ್ಮವ್ವ ಕೊಟ್ರಮ್ಮ ಸೊಕ್ಕು ಎಂದು ಬೆನ್ನಿಗೆ ಗುದ್ದಿದಳು. ಅದಾದ ಮೇಲೆ ಮೈ ಜಗ್ಗಲು ಶುರುವಾಯಿತು. ಯಾರೋ ಒಳಗೆ ಕುಳಿತು ಹಗ್ಗ ಎಳೆದು ಬಿಟ್ಟ ಹಾಗೆ, ತಡೆದು ತಡೆದು ಜಗ್ಗುತ್ತದೆ. ನಿಂತಿದ್ದರೆ ಬಿದ್ದುಬಿಡುತ್ತಿದ್ದ. ಈಗ ನಿಲ್ಲುವುದೂ ಇಲ್ಲ, ಮಾತೂ ಇಲ್ಲ.

ದೆವ್ವ ಎಂದರು, ಮೂರ್ಛೆ ಎಂದರು. ಕೊನೆಗೆ ಬಳ್ಳಾರಿಯಲ್ಲಿ ಒಬ್ಬ ಹರೆಯದ ಡಾಕ್ಟರರು ಕೂರಿಸಿಕೊಂಡು ಕೇಳಿದರು: "ಸಣ್ಣವನಿದ್ದಾಗ ದಡಾರ ಬಂದಿತ್ತಾ?" ಅವ್ವ, "ಇಲ್ರಿ ಯಪ್ಪಾ, ರೋಗ ಗೀಗ ಒಂದೂ ಬಂದಿಲ್ಲ. ಗುಂಡಕಲ್ಲಿನಂಗ ಇದ್ದ" ಎಂದಳು. ಅವರು ಮತ್ತೆ ಕೇಳಿದರು, ಅವಳು ಮತ್ತೆ ಇಲ್ಲವೆಂದಳು. ಆಗ ಅವರು ದನಿ ತಗ್ಗಿಸಿ, "ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದ್ದಿರೇನಮ್ಮ?" ಎಂದರು. ಅವ್ವ ಮೊದಲು ಕೈ ಮುಗಿದಳು.

"ಅದು ರೋಗ ಅಲ್ರಿ, ತಾಯಿ ಬಂದಿದ್ಳು. ಇವ ಆಗಿನ್ನೂ ಅಂಬೆಗಾಲು ಇಡ್ತಿದ್ದ. ಒಗ್ಗರಣಿ ಹಾಕಲಿಲ್ಲ, ತಲಿ ಬಾಚಲಿಲ್ಲ. ಮೊಸರಬಾನ ಎಡಿ ಕೊಟ್ಟು ಊರ ಗಡಿ ದಾಟಿಸಿ ಬಂದೀವಿ."

"ತಾಯಿ ಹೋದಳಮ್ಮ," ಎಂದರು ಡಾಕ್ಟರರು. "ದಡಾರ ಹೋಗಲಿಲ್ಲ. ತಲೆಯೊಳಗೆ ಇಷ್ಟು ವರ್ಷ ಸುಮ್ಮನೆ ಕೂತಿತ್ತು." ಲಕ್ಷಕ್ಕೆ ಒಂದು ಮಗುವಿಗೆ ಹೀಗಾಗುತ್ತದಂತೆ, ಇದಕ್ಕೆ ಔಷಧಿ ಇಲ್ಲವಂತೆ.

ಮಾನ್ಯರೇ, ನಮ್ಮವ್ವನನ್ನು ದಡ್ಡಿ ಎನ್ನಬೇಡಿ. ಅವಳಿಗೆ ಪ್ರಶ್ನೆ ಅರ್ಥವಾಗಿತ್ತು. ಆದರೆ ತಾಯಿಯನ್ನು ರೋಗವೆಂದರೆ ಆ ದೇವಿ ಮನೆಯ ಉಳಿದ ಮಕ್ಕಳ ಮೇಲೆ ಮುನಿದಾಳು ಎಂದು ಹೆದರಿ ಮುಚ್ಚಿಟ್ಟಳು. ನಮ್ಮ ಓಣಿಯಲ್ಲಿ ಎಲ್ಲರೂ ಮುಚ್ಚಿಡುತ್ತಾರೆ. ತಮ್ಮ ಇಲಾಖೆಯವರು ಮನೆ ಮನೆಗೆ ಬಂದು, "ಯಾರಿಗಾದ್ರೂ ರೋಗ ಐತೇನ್ರಿ?" ಎಂದು ಕೂಗುತ್ತಾರೆ. ಇಲ್ಲ ಎಂದರೆ ಇಲ್ಲ ಎಂದೇ ಬರೆದುಕೊಳ್ಳುತ್ತಾರೆ. ಅವರೂ ನಮ್ಮ ಸೀಮೆಯವರೇ ತಾನೆ? ಬಾಗಿಲಲ್ಲಿ ಬೇವಿನ ಸೊಪ್ಪು ಕಂಡರೆ ಚಪ್ಪಲಿ ಕಳಚಿ, ಕೈ ಮುಗಿದು, ಮುಂದಿನ ಮನೆಗೆ ಹೋಗುತ್ತಾರೆ. ಸರ್ಕಾರ ಸಂಬಳ ಕೊಟ್ಟು ಭಕ್ತಿ ಮಾಡಿಸುವುದನ್ನು ನಾನು ಬೇರೆಲ್ಲೂ ಕಂಡಿಲ್ಲ.

ತಾವು ಹುಡುಕದ್ದನ್ನು ನಾವು ಹುಡುಕಲು ಹೋಗಿರಲಿಲ್ಲ, ಅದೇ ಎದುರಿಗೆ ಬಂತು. ಸಿರುಗುಪ್ಪದ ಬಸ್ ನಿಲ್ದಾಣದಲ್ಲಿ ಅವ್ವ ಜಂಬಣ್ಣನನ್ನು ತೊಡೆಯ ಮೇಲೆ ಹಾಕಿಕೊಂಡು, ಮುಂದಿನ ಜಗ್ಗಿಗೆ ಕಾಯುತ್ತ ಅವನ ಎದೆಯ ಮೇಲೆ ಅಂಗೈ ಇಟ್ಟು ಕುಳಿತಿದ್ದಳು. ಎದುರಿಗಿದ್ದ ಹೆಂಗಸು ಅವಳ ಕೈಯನ್ನೇ ನೋಡುತ್ತಿದ್ದಳು. "ಯಕ್ಕಾ, ನಿಮ್ ಹುಡುಗಗೂ ಜಗ್ತೈತೇನು? ನಾನೂ ಹಿಂಗ ಕೈ ಇಟ್ಕೊಂಡು ಕುಂದ್ರತೀನಿ" ಎಂದಳು. ಅವಳೇ ಸಿರುಗುಪ್ಪದ ಹೊನ್ನೂರಮ್ಮ, ಮೈ ಜಗ್ಗುತ್ತಿದ್ದುದು ಅವಳ ಮಗಳು ಹಂಪಕ್ಕನಿಗೆ. ಅವಳ ಮೂಲಕ ತೆಕ್ಕಲಕೋಟೆಯ ಗಾದಿಲಿಂಗಪ್ಪ ಮತ್ತು ಇದೇ ರೋಗದ ಅವನ ಮಗ ಗೊತ್ತಾದರು. ಬಸ್ಸಿಗೆ ಕಾಯುತ್ತ ಕುಳಿತವರಿಗೇ ಮೂರು ಮನೆ ಸಿಕ್ಕವು. ಜೀಪು ಇರುವವರಿಗೆ ಎಷ್ಟು ಸಿಗಬಹುದು?

ಮೂರೂ ಮನೆಯವರು ಕೂಡಿ ತಮ್ಮ ಕಚೇರಿಗೆ ಬರುವಷ್ಟರಲ್ಲಿ ಹಂಪಕ್ಕ ತೀರಿಕೊಂಡಿದ್ದಳು. ಅವಳ ಸಾವಿಗೆ ಕಾರಣ ಜ್ವರ ಎಂದು ಬರೆಸಿದ್ದರು. ನಮ್ಮ ಮಾತೆಲ್ಲ ಕೇಳಿದ ಮೇಲೆ ತಾವು, "ಈ ರೋಗದ ವರದಿ ನಮ್ಮ ಜಿಲ್ಲೆಯಲ್ಲಿ ಒಂದೂ ಇಲ್ಲ. ನೀವು ಹೇಳೋದು ಮೂರು. ಅದರಲ್ಲಿ ಒಂದು ಹೋಯ್ತು ಅಂದರೆ ಈಗ ಇರೋದು ಎರಡೇ. ಎರಡಕ್ಕೆ ಮೇಲಿನವರಿಗೆ ನಾನು ಏನಂತ ಬರೆಯಲಿ?" ಎಂದಿರಿ. ಹೊನ್ನೂರಮ್ಮ ಅಲ್ಲೇ ನಿಂತಿದ್ದಳು. ಗಾದಿಲಿಂಗಪ್ಪ ಹೆಗಲ ಮೇಲಿನ ಟವೆಲ್ಲು ತೆಗೆದು ಕೈಯಲ್ಲಿ ಹಿಡಿದು, "ಇನ್ನ ಎಷ್ಟ್ ಮಕ್ಳು ಬೇಕ್ರಿ ಸಾಹೇಬ್ರ? ಹೇಳ್ರಿ, ಜೋಡಿಸ್ಕೊಂಡು ಬರ್ತೀವಿ" ಎಂದ. ತಾವು ಗಂಟೆ ಒತ್ತಿದಿರಿ. ಜವಾನ ಬಂದ. "ಏನಿದ್ದರೂ ಬರೆದುಕೊಡಿ" ಎಂದಿರಿ.

ಅವತ್ತು ನಾನು ಅವ್ವನ ಹಿಂದೆ ನಿಂತಿದ್ದೆ, ತುಟಿ ಬಿಚ್ಚಲಿಲ್ಲ. ಹೊರಗಿನವರ ಮುಂದೆ ನನಗೆ ಮಾತು ಬರುವುದಿಲ್ಲ. ಈಗ ಬರೆದುಕೊಡುತ್ತಿದ್ದೇನೆ, ಊರೆಲ್ಲ ಓದುವ ಹಾಗೆ.

ಹುಡುಕುವುದು ತಮಗೆ ಬಾರದ ಕೆಲಸವೇನಲ್ಲ. ಸಿಡುಬನ್ನು ಓಡಿಸಿದ ವರ್ಷಗಳಲ್ಲಿ ನಾನು ಇನ್ನೂ ಸಣ್ಣವಳು. ಆಗ ಬೇವಿನ ಸೊಪ್ಪು ಕಂಡ ಕಡೆ ತಮ್ಮ ಜೀಪು ನಿಲ್ಲುತ್ತಿತ್ತು. ಮೈತುಂಬ ಗುಳ್ಳೆ ಎದ್ದ ಕೂಸಿನ ಚಿತ್ರ ಹಿಡಿದು, ಇಂಥವರನ್ನು ಕಂಡಿರೇನು ಎಂದು ಸಂತೆಯಲ್ಲೂ ಕೇಳುತ್ತಿದ್ದರು. ಸುದ್ದಿ ಕೊಟ್ಟವರಿಗೆ ಬಹುಮಾನ ಬೇರೆ. ಆಗ ಯಾವ ತಾಯಿಯೂ ಮುನಿಯಲಿಲ್ಲ. ಅದು ಜಗತ್ತೇ ನೋಡುತ್ತಿದ್ದ ರೋಗ. ನಮ್ಮ ಮಕ್ಕಳದ್ದನ್ನು ನೋಡುವವರು ಅವ್ವಂದಿರು ಮಾತ್ರ. ವ್ಯತ್ಯಾಸ ಅಷ್ಟೇ ತಾನೆ? ಅಥವಾ ನನ್ನಂಥ ಓದದವಳಿಗೆ ಗೊತ್ತಾಗದ ಬೇರೆ ಕಾರಣ ಉಂಟೋ?

ಜಂಬಣ್ಣ ಎದ್ದು ಕೂರುವಂತೆ ಮಾಡಿ ಎಂದು ನಾನು ಕೇಳುತ್ತಿಲ್ಲ. ಆ ಆಸೆಯನ್ನು ಡಾಕ್ಟರರೇ ಮುಗಿಸಿದ್ದಾರೆ. ಕೇಳುವುದು ಇಷ್ಟು: ಓದು ಮರೆತು, ಮೈ ಜಗ್ಗುವ ಮಗು ಈ ಜಿಲ್ಲೆಯ ಯಾವ ಆಸ್ಪತ್ರೆಗೆ, ಯಾವ ಮಠಕ್ಕೆ, ಯಾವ ಮಂತ್ರದವನ ಬಳಿಗೆ ಬಂದರೂ ಆ ಸುದ್ದಿ ತಮ್ಮ ಮೇಜಿಗೆ ತಲುಪಬೇಕು. ಸತ್ತರೆ ಜ್ವರ ಎಂದು ಬರೆಯಬಾರದು. ಬೇವಿನ ಸೊಪ್ಪು ಕಟ್ಟಿದ ಮನೆಗೆ ತಮ್ಮವರು ಕೈ ಮುಗಿದುಕೊಂಡೇ ಹೋಗಲಿ, ಆದರೆ ಒಳಗೆ ಹೋಗಲಿ. ದಡಾರಕ್ಕೆ ಸೂಜಿ ಬಂದಿದೆಯಂತೆ, ದೊಡ್ಡ ಊರುಗಳಲ್ಲಿ ಹಣವಂತರ ಮಕ್ಕಳಿಗೆ ಹಾಕುತ್ತಾರಂತೆ. ನಮ್ಮಲ್ಲಿ ಅದನ್ನು ಕೇಳಿದರೆ ರೋಗ ಎಷ್ಟಿದೆ ತೋರಿಸಿ ಎನ್ನುತ್ತೀರಿ. ರೋಗ ತೋರಿಸಿದರೆ ವರದಿ ಇಲ್ಲ ಎನ್ನುತ್ತೀರಿ. ಈ ಗಾಣದ ಸುತ್ತ ನಾವು ಎಷ್ಟು ಸಲ ಸುತ್ತಬೇಕು? ನಮ್ಮ ಓಣಿಯಲ್ಲಿ ಈಗಲೂ ಅಂಬೆಗಾಲಿಡುವ ಕೂಸುಗಳಿವೆ. ಅವಕ್ಕೆ ಎಂಟು ವರ್ಷ ತುಂಬುವ ತನಕ ಕಾದು ಲೆಕ್ಕ ಹಾಕುತ್ತೀರಾ?

ಇವತ್ತು ಬೆಳಿಗ್ಗೆ ಜಂಬಣ್ಣನ ಉಗುರು ತೆಗೆದೆ. ಮುಷ್ಟಿ ಬಿಗಿದೇ ಇರುವುದರಿಂದ ಬೆಳೆದ ಉಗುರು ಅಂಗೈಗೆ ಚುಚ್ಚಿ ಗಾಯವಾಗಿತ್ತು. ಅವ್ವ ಅವನ ಮಣಿಕಟ್ಟು ಹಿಡಿದಳು. ಮೈ ಒಮ್ಮೆ ಜಗ್ಗಿ ಬಿಟ್ಟ ಮೇಲೆ, ಮತ್ತೆ ಜಗ್ಗುವುದರೊಳಗೆ ಒಂದು ಉಗುರಿಗೆ ಬ್ಲೇಡು ಹಾಕಬಹುದು. ಹಾಗೆ ಒಂದೊಂದಾಗಿ ಎಲ್ಲ ಬೆರಳೂ ಆದವು. ಎಲ್ಲಿಯೂ ರಕ್ತ ಬರಲಿಲ್ಲ.

ಇಂತಿ,
ಬಾಯಿ ತೆರೆಯಬೇಕಾದಾಗ ಮಾತಾಡದೆ, ತಡವಾಗಿ ಕೈಗೆ ಮಾತು ಬಂದ
ವಿರೂಪಮ್ಮ
ಕುರುಗೋಡು, ೧೯೮೩