ರಕ್ತದೊತ್ತಡದ ಶುದ್ಧಪ್ರತಿ

ಜೂನ್ ೩, ಬೆಳಗ್ಗೆ ೭
ಬಿ.ಪಿ. ೧೨೮/೭೮. ಪುಸ್ತಕದಲ್ಲಿ ಬರೆದಾಯಿತು. ಮೊದಲು ಅಳೆದಾಗ ೧೫೮ — ಮೆಟ್ಟಿಲು ಹತ್ತಿ ಬಂದಿದ್ದೆ, ಪರಿಗಣಿಸಲಿಲ್ಲ. ಎರಡನೆಯದು ೧೪೬ — ಪಕ್ಕದ ಮನೆಯ ನಾಯಿ ಬೊಗಳಿತು, ಅದನ್ನೂ ಬಿಟ್ಟೆ. ಐದನೆಯದು ಒಪ್ಪವಾಗಿ ಬಂತು. ಮೂವತ್ತೆರಡು ವರ್ಷ ತರಗತಿಯಲ್ಲಿ ಹೇಳಿದ್ದೂ ಇದನ್ನೇ: ಕರಡು ನಿಮಗಿರಲಿ, ಶುದ್ಧಪ್ರತಿ ನನಗೆ ಕೊಡಿ.
ಹೃದಯದಿಂದ ಹೊರಡುವ ಮಹಾಪಧಮನಿ ಉಬ್ಬಿತ್ತು. ಆ ಭಾಗ ಕತ್ತರಿಸಿ ಕೊಳವೆ ಹೊಲಿದು ಇಂದಿಗೆ ಹದಿನಾಲ್ಕು ತಿಂಗಳು. ಹೊಲಿಗೆ ಗಟ್ಟಿ. ನಾನೂ ಗಟ್ಟಿ.

ಜೂನ್ ೧೧
ಆಸ್ಪತ್ರೆ. ಡಾಕ್ಟರು ಪುಸ್ತಕ ತಿರುವಿ ನೋಡಿದರು. "ಇಷ್ಟು ನೀಟಾಗಿ ಯಾರೂ ಬರೆಯಲ್ಲ ಸರ್." ಹಿಗ್ಗಿದೆ — ಒಪ್ಪಿಕೊಳ್ಳಬೇಕು. ಬಿ.ಪಿ. ಮಾತ್ರೆಯನ್ನು ಅರ್ಧಕ್ಕೆ ಇಳಿಸಿದರು. ಎದ್ದು ಹೊರಟಾಗ: "ಆಪರೇಷನ್ ಚೆನ್ನಾಗಾಯ್ತು ಅಂತ ಸ್ಟ್ರೋಕ್ ಮರೀಬೇಡಿ. ಆ ಭಯ ವರ್ಷಗಟ್ಟಲೆ ಇರುತ್ತೆ. ಬಾಯಿ ಸೊಟ್ಟಗಾದ್ರೆ, ಕೈ ಸೋತ್ರೆ, ಮಾತು ತೊದಲಿದ್ರೆ ಗಡಿಯಾರ ನೋಡ್ಕೊಂಡು ಹೊರಟುಬಿಡಿ. ಶುರುವಾದ ಟೈಮ್ ನಮಗೆ ಬೇಕು."

ಜೂನ್ ೨೯
ಕರಡು ಚೀಟಿಗಳು ಹೆಂಡತಿಯ ಕೈಗೆ ಸಿಕ್ಕಿವೆ. ಊಟದ ಮೇಜಿನ ಮೇಲೆ ಹರಡಿಕೊಂಡು ಕುಳಿತಿದ್ದಳು.
"ಏನ್ರೀ ಇದು? ಚೀಟೀಲಿ ನೂರ ಅರವತ್ತೆರಡು, ಪುಸ್ತಕದಲ್ಲಿ ನೂರ ಇಪ್ಪತ್ತಾರು. ಒಂದೇ ದಿನ, ಒಂದೇ ತೋಳು."
"ಅದು ಕರಡು."
"ರಕ್ತಕ್ಕೆ ಎಂಥಾ ಕರಡು ಮೇಷ್ಟ್ರೇ? ಡಾಕ್ಟರಮ್ಮ ಮಾತ್ರೆ ಇಳಿಸಿದ್ದು ಈ ಚೆಂದ ನೋಡಿ ತಾನೆ?"
ಚೀಟಿಗಳನ್ನು ತಾರೀಖಿನ ಪ್ರಕಾರ ಜೋಡಿಸತೊಡಗಿದೆ.

ಜೂನ್ ೩೦
ಚೀಟಿಗಳನ್ನೆಲ್ಲ ಡಾಕ್ಟರಿಗೆ ಒಪ್ಪಿಸಿದೆ. ನಿಂತುಕೊಂಡೇ. ಬೈಯಲಿಲ್ಲ. ಮಾತ್ರೆ ಹಿಂದಿನಂತಾಯಿತು. "ಎರಡು ಸಲ ಅಳೀರಿ, ಎರಡೂ ಬರೀರಿ."
"ಅಳಿಸೋ ಹಾಗಿಲ್ಲ ಅಂತಲೂ ಹೇಳಿ ಮೇಡಂ, ಇವರ ಜೇಬಲ್ಲಿ ರಬ್ಬರ್ ಇದೆ" ಎಂದಳು ಹೆಂಡತಿ. ಇಬ್ಬರೂ ನಕ್ಕರು. ಮನೆಗೆ ಬಂದು ರಬ್ಬರನ್ನು ಅವಳ ಹೊಲಿಗೆ ಡಬ್ಬಿಗೆ ಹಾಕಿದೆ.

ಆಗಸ್ಟ್ ೧೮, ಬೆಳಗ್ಗೆ ೭
೧೩೮/೮೪. ೧೩೪/೮೨. ಎರಡೂ ಬರೆದಿದ್ದೇನೆ. ನಾಯಿ ಬೊಗಳಿದ್ದನ್ನು ನೆಪ ಮಾಡಿಲ್ಲ.

೭.೧೫
ಬಲಗೈ ಸೋತಿದೆ. ಪೆನ್ನು ಎರಡು ಸಲ ಜಾರಿತು. ಇದು ಎಡಗೈ ಬರವಣಿಗೆ. ಕೆಂಪು ಶಾಯಿಗೆ ಅರ್ಹ. ಹೆಂಡತಿಯನ್ನು ಕೂಗಿದೆ. "ನಗಿ" ಅಂದಳು; ನಕ್ಕೆ. "ಇನ್ನೂ ಸ್ವಲ್ಪ" ಅಂದಳು. ಹದಿಮೂರರ ಮಗ್ಗಿ ಒಪ್ಪಿಸಿದೆ — ಮಾತು ಸ್ಪಷ್ಟ. ಆಂಬುಲೆನ್ಸ್ ಹೊರಟಿದೆಯಂತೆ.
"ಬರೆದದ್ದು ಸಾಕು, ಚಪ್ಪಲಿ ಹಾಕ್ಕೊಳ್ಳಿ."
ಒಂದೇ ಸಾಲು ಬಾಕಿ. ಮಾತ್ರೆ ತಪ್ಪಿಸಿಲ್ಲ. ಪುಸ್ತಕದಲ್ಲಿ ಸುಳ್ಳಿಲ್ಲ. ಆಸ್ಪತ್ರೆ ಮುಟ್ಟಲು ಇನ್ನೂ ವೇಳೆಯಿದೆ. ಈ ಪುಟ ಹೀಗೇ, ಸೊಟ್ಟಕ್ಷರಗಳ ಸಮೇತ, ಡಾಕ್ಟರ ಕೈಗೆ. ಶುದ್ಧಪ್ರತಿ ಮಾಡುವುದಿಲ್ಲ. ಅವಳು ಪೆನ್ನು ಎಳೆಯುತ್ತಿದ್ದಾಳೆ. ಶುರುವಾದದ್ದು ಏಳು ಗಂಟೆ ಎಂಟು ನಿ